ಮೇವಿನ ಕಾವು

ಭದ್ರಾವತಿಯ ಹಳೇನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಹಿತ್ತಲ ಬಾಗಿಲು ದಾಟಿದರೆ ಬಚ್ಚಲ ಪಕ್ಕದಲ್ಲೇ ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಬಾಳೆಕಾಯಿ ಸಿಪ್ಪೆ, ಮಿಕ್ಕ ಅನ್ನ, ಮೇಲೊಂದು ಹಿಡಿ ತೌಡು ಎಲ್ಲವೂ ಅದರೊಳಗೆ. ಸಂಜೆ ಹಸು ಬಂದು ಮೂತಿ ಅದ್ದುವ ಮುಂಚೆ ಚಿಕ್ಕಮ್ಮ ಕೋಲಿನಿಂದ ಒಮ್ಮೆ ಕದಡಿ, ಬಗ್ಗಿ ಮೂಸಿ ನೋಡುತ್ತಿದ್ದರು. ಮಾಗಿ ದಿನಗಳಲ್ಲಿ ನಿನ್ನೆಯ ಕಲಗಚ್ಚು ಇವತ್ತೂ ತಣ್ಣಗೆ, ಸುಮ್ಮನೆ ಕೂತಿರುತ್ತಿತ್ತು. ಯುಗಾದಿ ಕಳೆದ ಮೇಲೆ ಅದರ ಗುಣವೇ ಬೇರೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನ ಮೂರಕ್ಕೆಲ್ಲ ನೊರೆ ಎದ್ದು, ಪುಟ್ಟ ಪುಟ್ಟ ಗುಳ್ಳೆ ಒಡೆಯುತ್ತ, ಹೆಂಡದ ಅಂಗಡಿಯ ವಾಸನೆ ಬೀರುತ್ತಿತ್ತು. "ಇವತ್ತು ಬಾನಿ ಎದ್ದು ಕೂತಿದೆ ಕಣೋ, ಸೆಖೆ ಜಾಸ್ತಿ" ಅನ್ನುವುದು ಅವರ ಹವಾಮಾನ ವರದಿ. ತೀರಾ ಎದ್ದದ್ದನ್ನು ಹಸುವಿಗೆ ಕೊಡದೆ ತೆಂಗಿನ ಬುಡಕ್ಕೆ ಸುರಿಸುತ್ತಿದ್ದರು.

ಆ ಗುಳ್ಳೆಗಳ ಒಳಗಿದ್ದದ್ದು ಇಂಗಾಲದ ಡೈಆಕ್ಸೈಡ್. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ದಿನವೂ ಓದುವಾಗ ಕಾಣಿಸುವ ಅದೇ ಅನಿಲ, ನಮ್ಮ ಹಿತ್ತಲಲ್ಲಿ ಏಪ್ರಿಲಿನಲ್ಲಿ ಚುರುಕಾಗಿ, ಡಿಸೆಂಬರಿನಲ್ಲಿ ಸೋಮಾರಿಯಾಗಿ ಹುಟ್ಟುತ್ತಿತ್ತು. ಇದೆಲ್ಲ ಮರೆತೇ ಹೋಗಿತ್ತು. ನೆನಪಿಗೆ ಬಂದದ್ದು ಕಳೆದ ಬೇಸಗೆಯಲ್ಲಿ, ಮಾಚೇನಹಳ್ಳಿಯ ಹತ್ತಿರ.

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹೊರಟರೆ ಮಧ್ಯದಾರಿಯಲ್ಲಿ ಸಿಗುವ ಜಾಗ ಅದು. ಒಂದು ಕಡೆ ಕೈಗಾರಿಕಾ ಪ್ರದೇಶ, ಎರಕದ ಫೌಂಡ್ರಿಗಳು. ಇನ್ನೊಂದು ಕಡೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳ ಹಾಲು ಸೇರುವ ಶಿಮುಲ್ ಡೇರಿ. ಸುತ್ತಲಿನ ಹಳ್ಳಿಗಳಲ್ಲಿ ಎರಡು-ಮೂರು ಮಿಶ್ರತಳಿ ಹಸು ಕಟ್ಟಿಕೊಂಡು ಹಾಲು ಹಾಕುವ ಮನೆಗಳು ಬೇಕಾದಷ್ಟು. ಅಂಥ ಒಂದು ಮನೆಯ ಕೊಟ್ಟಿಗೆಯ ಪಕ್ಕ, ತಗಡಿನ ಚಾವಣಿಯ ಕೆಳಗೆ ಬಿಳಿ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ನಿಂತಿದ್ದವು. ಒಂದರ ಬಾಯಿ ಬಿಚ್ಚಿತ್ತು. ಒಳಗೆ ಸಣ್ಣಗೆ ಕತ್ತರಿಸಿದ ಮೆಕ್ಕೆಜೋಳದ ಗಿಡ, ಹಳದಿ ಹಸಿರು ಬಣ್ಣ.

"ಕೈ ಹಾಕಿ ನೋಡಿ, ಉಪ್ಪಿಟ್ಟಿನ ಥರ ಬಿಸಿ ಇದೆ" ಅಂದರು ಮನೆಯಾಕೆ. ಹಾಕಿದೆ. ನಿಜವಾಗಿಯೂ ಇತ್ತು. ಆಕೆ ಒಳಗೆ ಹೋಗಿ ಕೊರೊನಾ ಕಾಲದಲ್ಲಿ ಕೊಂಡಿದ್ದ ಜ್ವರದ ಥರ್ಮಾಮೀಟರ್ ತಂದರು. ಚೀಲದೊಳಗೆ ಗೇಣುದ್ದ ಕೈ ಇಳಿಸಿ ಅದನ್ನು ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕೀಕ್ ಅಂದಿತು. ಅಂಕಿ ಇಲ್ಲ, 'ಹೈ' ಅಂತಷ್ಟೇ ತೋರಿಸುತ್ತಿತ್ತು. ಮನುಷ್ಯನ ಜ್ವರಕ್ಕೆಂದು ಮಾಡಿದ ಈ ಕಡ್ಡಿಗಳು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೆಕ್ಕ ಬಿಟ್ಟುಬಿಡುತ್ತವೆ.

"ಬಿಸಿ ಇದ್ರೆ ಚೆನ್ನಾಗಿ ಹುಳಿ ಬಂದಿದೆ ಅಂತ ಅರ್ಥ ಅಲ್ವಾ ಸಾರ್?"

ಈ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಕೊಡಲು ನನಗೆ ಧೈರ್ಯ ಸಾಲಲಿಲ್ಲ.

ರಸಮೇವು ಅಥವಾ ಸೈಲೇಜ್ ಈ ಭಾಗಕ್ಕೆ ಹೊಸದು. ಮೊನ್ನೆ ಮೊನ್ನೆಯವರೆಗೆ ಇಲ್ಲಿನ ದನಗಳ ಬೇಸಗೆಯ ಮೇವು ಎಂದರೆ ಬತ್ತದ ಹುಲ್ಲು. ಭದ್ರಾ ನಾಲೆಯ ನೀರಿನಲ್ಲಿ ಎರಡು ಬೆಳೆ ಬತ್ತ, ಮನೆ ಮುಂದೆ ಎರಡು ಬಣವೆ, ಮತ್ತೇನು ಬೇಕು? ಈಗ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು. ಉಳಿದ ಗದ್ದೆಗೆ ಕಟಾವು ಯಂತ್ರ ಬಂತು. ಅದು ಹುಲ್ಲನ್ನು ತುಂಡರಿಸಿ ಗದ್ದೆಯಲ್ಲೇ ಉದುರಿಸಿ ಹೋಗುತ್ತದೆ. ಬೇಕಾದವರು ಇನ್ನೊಂದು ಯಂತ್ರ ತರಿಸಿ ಪೆಂಡಿ ಕಟ್ಟಿಸಬೇಕು. ಹುಲ್ಲು ತುಟ್ಟಿಯಾಯಿತು. ಮಲೆನಾಡು ಗಿಡ್ಡ ತಳಿಯ ಹಸುವಾದರೆ ಬ್ಯಾಣದಲ್ಲಿ ಮೇಯ್ದುಕೊಂಡು ಬರುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಲೀಟರ್ ಕೊಡುವ ಎಚ್.ಎಫ್. ಮಿಶ್ರತಳಿ ಹಸುವಿಗೆ ಒಣಹುಲ್ಲು, ಹಿಂಡಿ-ಬೂಸಾ ಮಾತ್ರ ಸಾಲದು, ಹಸಿರು ಬೇಕು. ಮಳೆಗಾಲದ ಹಸಿರನ್ನು ಬೇಸಗೆಗೆ ಉಳಿಸುವ ಉಪಾಯವೇ ರಸಮೇವು. ಉತ್ತರ ಕರ್ನಾಟಕದವರು ಮೆಕ್ಕೆಜೋಳಕ್ಕೆ ಗೋವಿನಜೋಳ ಅನ್ನುತ್ತಾರೆ. ಆ ಹೆಸರಿಗೆ ತಕ್ಕ ಕೆಲಸ ಈಗ ಸಿಕ್ಕಿದೆ.

ಕೆಲಸವೇನೋ ಸರಳ. ಕಾಳು ಹಾಲ್ದುಂಬಿ ಗಟ್ಟಿಯಾಗತೊಡಗಿದಾಗ ಇಡೀ ಗಿಡವನ್ನೇ ಕೊಯ್ದು, ಒಂದೆರಡು ಸೆಂಟಿಮೀಟರಿನ ಚೂರು ಮಾಡಿ, ಗುಂಡಿಗೋ ಚೀಲಕ್ಕೋ ತುಂಬಿ, ತುಳಿದು ತುಳಿದು ಗಾಳಿ ಹೊರದೂಡಿ, ಬಿಗಿಯಾಗಿ ಮುಚ್ಚುವುದು. ಉಪ್ಪಿನಕಾಯಿ ಜಾಡಿಯ ನಿಯಮವೇ ಇಲ್ಲಿಯೂ. 1877ರಲ್ಲಿ ಫ್ರಾನ್ಸಿನ ಓಗುಸ್ತ್ ಗೊಫಾರ್ ಎಂಬ ಕೃಷಿಕ ಮೆಕ್ಕೆಜೋಳವನ್ನು ಹೀಗೆ ಉಳಿಸುವ ಬಗ್ಗೆ ಪುಸ್ತಕವನ್ನೇ ಬರೆದ. ಆಮೇಲೆ ಅದು ಯುರೋಪ್, ಅಮೆರಿಕಗಳಿಗೆಲ್ಲ ಹಬ್ಬಿತು.

ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆ ಎನ್ನುವಲ್ಲಿಂದ ಕಾವಿನ ಕಥೆ ಶುರು. ಕೊಯ್ದ ಗಿಡ ಕೂಡಲೇ ಸಾಯುವುದಿಲ್ಲ. ಅದರ ಜೀವಕೋಶಗಳು ಇನ್ನೂ ಉಸಿರಾಡುತ್ತಿರುತ್ತವೆ. ತಮ್ಮೊಳಗಿನ ಸಕ್ಕರೆಯನ್ನು ಸುತ್ತಲಿನ ಆಮ್ಲಜನಕದಲ್ಲಿ ಸುಟ್ಟು ಇಂಗಾಲದ ಡೈಆಕ್ಸೈಡ್, ನೀರು, ಶಾಖ ಮಾಡುತ್ತವೆ. ಆಮ್ಲಜನಕ ಮುಗಿದ ಮೇಲೆ ಗಾಳಿ ಬೇಡದ ಸೂಕ್ಷ್ಮಜೀವಿಗಳ ಸರದಿ. ಮೊಸರು ಮಾಡುವ ಬಳಗದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಇವುಗಳಲ್ಲಿ ಎರಡು ಜಾತಿ. ಒಂದು ಜಾತಿ ಸಕ್ಕರೆಯನ್ನು ಪೂರಾ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಅನಿಲ ಬಿಡುವುದೇ ಇಲ್ಲ. ಇನ್ನೊಂದು ಜಾತಿ ಅರ್ಧ ಹುಳಿ ಮಾಡಿ, ಉಳಿದದ್ದರಲ್ಲಿ ಮದ್ಯಸಾರವನ್ನೋ ಅಸಿಟಿಕ್ ಆಮ್ಲವನ್ನೋ ಮಾಡುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಕಟ್ಟಿದ ಎರಡು ಮೂರು ದಿನಕ್ಕೆ ಚೀಲ ಉಬ್ಬಿ ಡೋಲಿನಂತಾಗುವುದು ಇದರಿಂದ. ಹುಳಿ ಏರಿ ಪಿಎಚ್ 4ರ ಆಸುಪಾಸಿಗೆ ಇಳಿದಾಗ ಎಲ್ಲವೂ ತಣ್ಣಗಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಇಡಬಹುದು.

ಇಷ್ಟರಲ್ಲಿ ಶಾಖ ಎಷ್ಟು ಹುಟ್ಟಬೇಕು? ನಾನು ಮನೆಗೆ ಬಂದು ಕಾಗದ ಪೆನ್ನು ಹಿಡಿದು ಕೂತೆ. ಒಂದು ಗ್ರಾಂ ಸಕ್ಕರೆ ಪೂರ್ತಿ ಸುಟ್ಟರೆ ಸುಮಾರು 15.6 ಕಿಲೊಜೂಲ್ ಶಾಖ. ಚೆನ್ನಾಗಿ ತುಳಿದ ಒಂದು ಘನಮೀಟರ್ ರಸಮೇವು ಆರು ಕ್ವಿಂಟಲ್ ತೂಗುತ್ತದೆ ಅಂದುಕೊಳ್ಳಿ. ಅದರ ಸಂದುಗಳಲ್ಲಿ ಸಿಕ್ಕಿಬೀಳುವ ಗಾಳಿ ಹೆಚ್ಚೆಂದರೆ ಅರ್ಧ ಘನಮೀಟರ್. ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಪಾಲು. ಅಷ್ಟು ಆಮ್ಲಜನಕ ಸುಡಬಲ್ಲ ಸಕ್ಕರೆ ಬರೀ 120 ಗ್ರಾಂ. ಅದರಿಂದ ಆರು ಕ್ವಿಂಟಲ್ ತೇವದ ಮೇವು ಎಷ್ಟು ಬಿಸಿಯಾದೀತು? ಹೆಚ್ಚುಕಡಿಮೆ ಒಂದೇ ಒಂದು ಡಿಗ್ರಿ. ಹುಳಿ ಬರುವಾಗಿನ ಶಾಖ ಇದಕ್ಕೆ ಕೆಲವೇ ಡಿಗ್ರಿ ಸೇರಿಸಬಹುದು, ಅಷ್ಟೆ.

ಈ ಒಂದು ಡಿಗ್ರಿಯನ್ನು ಎರಡು ಸಲ ಲೆಕ್ಕ ಹಾಕಿ ನೋಡಿದೆ, ಯಾಕೆಂದರೆ ಇಡೀ ವಿಷಯ ಅದರ ಮೇಲೆ ನಿಂತಿದೆ. ಸರಿಯಾಗಿ ಮುಚ್ಚಿದ ಮೇವಿಗೆ ತಾನಾಗಿ 'ಉಪ್ಪಿಟ್ಟಿನಷ್ಟು' ಬಿಸಿಯಾಗುವ ತಾಕತ್ತೇ ಇಲ್ಲ. ಬಿಸಿಯಾಗಿದೆ ಅಂದರೆ ಎರಡರಲ್ಲಿ ಒಂದು: ಮೇವು ಬಿಸಿಲಲ್ಲಿ ಕಾದು ಬಿಸಿಯಾಗಿಯೇ ಒಳಗೆ ಹೋಗಿದೆ, ಇಲ್ಲವೇ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಲೇ ಇದೆ. ಮಾಚೇನಹಳ್ಳಿಯ ಆ ಚೀಲಕ್ಕೆ ಎರಡೂ ಆಗಿತ್ತು. ಏಪ್ರಿಲಿನ ನಡುಹಗಲು ಕೊಯ್ದದ್ದು, ತಗಡಿನ ಕೆಳಗಿಟ್ಟದ್ದು, ಬಾಯಿ ಬಿಚ್ಚಿ ಮೂರು ದಿನವಾಗಿತ್ತು.

ಥರ್ಮಾಮೀಟರನ್ನು ಹೀಗೆ ಓದಿದರೆ ಅದು ಅನಿಲದ ಮೀಟರೂ ಆಗುತ್ತದೆ. ಐವತ್ತು ಕಿಲೊ ಚೀಲವೊಂದು ಹತ್ತು ಡಿಗ್ರಿ ಬಿಸಿಯಾಗಬೇಕಾದರೆ ಅದರೊಳಗೆ 100 ಗ್ರಾಂಗಿಂತ ಹೆಚ್ಚು ಸಕ್ಕರೆ, ಅಂದರೆ ಒಂದು ದೊಡ್ಡ ಉಂಡೆ ಬೆಲ್ಲದಷ್ಟು, ಸುಟ್ಟಿರಬೇಕು. ಅದರಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 155 ಗ್ರಾಂ. ಗಾಳಿಯ ಅಳತೆಯಲ್ಲಿ 85 ಲೀಟರಿಗೂ ಹೆಚ್ಚು, ನಾಲ್ಕು ಕೊಡ ತುಂಬುವಷ್ಟು. ಇದೂ ಕನಿಷ್ಠ ಲೆಕ್ಕ. ಚೀಲ ಹಗಲೂ ರಾತ್ರಿ ಸುತ್ತಲಿನ ಗಾಳಿಗೆ ಶಾಖ ಬಿಟ್ಟುಕೊಡುತ್ತಲೇ ಇರುವುದರಿಂದ ನಿಜವಾಗಿ ಸುಟ್ಟದ್ದು ಇನ್ನೂ ಹೆಚ್ಚು.

ಬಿಸಿ ಬರೀ ಫಲವಲ್ಲ, ಕಾರಣವೂ ಹೌದು. ಗಿಡದ ಉಸಿರಾಟ, ಯೀಸ್ಟಿನ ಬೆಳವಣಿಗೆ ಇವೆಲ್ಲ ಒಂದು ಮಿತಿಯವರೆಗೆ ಪ್ರತಿ ಹತ್ತು ಡಿಗ್ರಿಗೆ ಸುಮಾರಾಗಿ ಇಮ್ಮಡಿಯಾಗುತ್ತವೆ. ಶಿವಮೊಗ್ಗದ ಡಿಸೆಂಬರಿನ ನಸುಕಿಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಇಪ್ಪತ್ತು ಡಿಗ್ರಿ ವ್ಯತ್ಯಾಸ. ಅಂದರೆ ಅದೇ ಮೇವು, ಅದೇ ಚೀಲ, ನಾಲ್ಕು ಪಟ್ಟು ವೇಗ. ಬಿಸಿ ಹೆಚ್ಚಿದಷ್ಟೂ ಉರಿ ಹೆಚ್ಚು, ಉರಿ ಹೆಚ್ಚಿದಷ್ಟೂ ಬಿಸಿ. ಹಸಿ ಹುಲ್ಲು ಬಣವೆ ಹಾಕಿದರೆ ಕಾವು ಬಂದು ಮುಗ್ಗುತ್ತದೆ, ಕೆಲವೊಮ್ಮೆ ಯಾರೂ ಬೀಡಿ ಎಸೆಯದೆ ಬೆಂಕಿಯೇ ಏಳುತ್ತದೆ ಎಂದು ಹಳಬರು ಹೇಳುವುದು ಇದೇ ಸರಪಳಿಯನ್ನು. ಕೋಳಿ ಮೊಟ್ಟೆಗೆ ಕೊಡುವುದೂ ಕಾವೇ, ಅಡೆ ಹಾಕಿದ ಮಾವನ್ನು ಹಣ್ಣಾಗಿಸುವುದೂ ಕಾವೇ. ಎಷ್ಟು, ಎಲ್ಲಿಯವರೆಗೆ ಎನ್ನುವುದರ ಮೇಲೆ ಅದು ಮರಿಯೋ, ಹಣ್ಣೋ, ಕೊಳೆಯೋ ತೀರ್ಮಾನವಾಗುತ್ತದೆ.

ಭದ್ರಾವತಿಯವರಿಗೆ ಇದನ್ನು ಹೇಳಿಕೊಡುವ ಅಗತ್ಯ ಇರಬಾರದು. ಬೆಂಕಿಪುರ ಎಂಬ ಹಳೆಯ ಹೆಸರಿನ ಊರು ಇದು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿ ಶುರುವಾದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣದ ಜೊತೆ ಮರದ ಭಟ್ಟಿಯೂ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. 1923ರಲ್ಲಿ ಕುಲುಮೆ ಹೊತ್ತಿದಾಗ ಅದಕ್ಕೆ ಬೇಕಾಗಿದ್ದದ್ದು ಮಲೆನಾಡಿನ ಮರದ ಇದ್ದಿಲು. ಮರವನ್ನು ಗಾಳಿಯಾಡದ ಕೋಠಿಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು, ಹೊರಬರುವ ಹೊಗೆಯನ್ನು ತಣಿಸಿದರೆ ಟಾರು, ಮರದ ಸ್ಪಿರಿಟ್, ಅಸಿಟಿಕ್ ಆಮ್ಲ ಸಿಗುತ್ತಿತ್ತು. ಅದೇ ಮರಕ್ಕೆ ಗಾಳಿ ಬಿಟ್ಟರೆ ಉಳಿಯುವುದು ಹಿಡಿ ಬೂದಿ. ಮೇವಿನ ಚೀಲವೂ ಅಂಥದೇ ಒಂದು ಕೋಠಿ. ಅಲ್ಲಿ ಬೆಂಕಿಯಿಲ್ಲ, ಆದರೆ ಗಾಳಿಯ ಬಾಗಿಲು ಅದೇ, ಅಸಿಟಿಕ್ ಆಮ್ಲವೂ ಅದೇ.

ಮತ್ತೆ ಆಕೆಯ ಪ್ರಶ್ನೆಗೆ ಬರುತ್ತೇನೆ. ಬಿಸಿಯಾದರೆ ಒಳ್ಳೆಯದು ಎಂಬ ನಂಬಿಕೆ ಆಕೆಯದ್ದು ಮಾತ್ರವಲ್ಲ. 1885ರಲ್ಲಿ ಇಂಗ್ಲೆಂಡಿನ ಜಾರ್ಜ್ ಫ್ರೈ 'ಸಿಹಿ ರಸಮೇವು' ಎಂಬ ಹೊಸ ಮಾರ್ಗವನ್ನೇ ಪ್ರಚಾರ ಮಾಡಿದ. ಗುಂಡಿಯನ್ನು ನಿಧಾನವಾಗಿ ತುಂಬಿ, 50 ಡಿಗ್ರಿ ಸೆಲ್ಸಿಯಸ್ ತನಕ ಬಿಸಿಯೇರಲು ಬಿಟ್ಟರೆ ಹುಳಿ ಮಾಡುವ ಜೀವಿಗಳು ಸತ್ತು ಮೇವು ಸಿಹಿಯಾಗುತ್ತದೆ ಎಂಬುದು ಅವನ ವಾದ. ಸಿಹಿ ವಾಸನೆ ಬಂದದ್ದೂ ನಿಜ. ಆ ವಾಸನೆಯನ್ನು ಭದ್ರಾವತಿ ಸುತ್ತಲಿನ ಯಾರಿಗೂ ವಿವರಿಸಬೇಕಾಗಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಬೆಲ್ಲವಾಗುವ ಹೊತ್ತಿನ ಘಮ. ಅದು ಶಾಖಕ್ಕೆ ಸಕ್ಕರೆಯೂ ಪ್ರೋಟೀನೂ ಬೆಸೆದುಕೊಳ್ಳುವಾಗಿನ ವಾಸನೆ. ಮೇವಿನಲ್ಲಿ ಹಾಗೆ ಬೆಸೆದುಕೊಂಡ ಪ್ರೋಟೀನ್ ಹಸುವಿಗೆ ದಕ್ಕುವುದಿಲ್ಲ, ಸಗಣಿಯಲ್ಲಿ ಹೋಗುತ್ತದೆ. ಕಂದುಬಣ್ಣ, ಹೊಗೆಸೊಪ್ಪಿನಂಥ ಅಥವಾ ಬೆಲ್ಲದಂಥ ವಾಸನೆ ಬಂದರೆ ದನ ಆಸೆಪಟ್ಟು ತಿನ್ನಬಹುದು, ಹಾಲು ಮಾತ್ರ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಫಿನ್ಲೆಂಡಿನ ರಸಾಯನಶಾಸ್ತ್ರಜ್ಞ ಆರ್ಟುರಿ ವಿರ್ಟಾನೆನ್. ಹುಳಿ ತಾನಾಗಿ ಬರುವವರೆಗೆ ಕಾಯುವುದೇಕೆ ಎಂದು ಹಸಿ ಮೇವಿನ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಪ್ರಬಲ ಆಮ್ಲವನ್ನೇ ಚಿಮುಕಿಸಿ, ಪಿಎಚ್ 4ರ ಕೆಳಗಿಳಿಸಿ, ಉಸಿರಾಟವನ್ನೂ ಕೊಳೆಯುವಿಕೆಯನ್ನೂ ಆರಂಭದಲ್ಲೇ ಕಟ್ಟಿಹಾಕಿದರು. ದನದ ಮೇವು ಕೆಡದಂತೆ ಇಡುವ ಈ ಸಂಶೋಧನೆಗಾಗಿಯೇ ಮುಖ್ಯವಾಗಿ 1945ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. ಕೊಟ್ಟಿಗೆಯ ವಿಷಯ ಸಣ್ಣದು ಎನ್ನುವವರಿಗೆ ನಾನು ಈ ಮಾತು ನೆನಪಿಸುವುದುಂಟು.

ಹಾಗಂತ ತಂಪಾದಷ್ಟೂ ಒಳ್ಳೆಯದು ಎಂದೇನೂ ಇಲ್ಲ. ಇಲ್ಲೊಂದು ತೊಡಕಿದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ 20ರಿಂದ 30 ಡಿಗ್ರಿಯ ಹಿತವಾದ ಬಿಸಿ ಬೇಕು. ತೀರಾ ತಣ್ಣಗಿದ್ದರೆ ಹುಳಿ ತಡವಾಗುತ್ತದೆ. ಆ ತಡದಲ್ಲಿ ಸಗಣಿ-ಮಣ್ಣಿನಿಂದ ಬಂದ ಬೇರೆ ಬ್ಯಾಕ್ಟೀರಿಯಾಗಳು ಮೇವಿನೊಳಗಿನ ನೈಟ್ರೇಟನ್ನು ಒಡೆಯುತ್ತ ಕೂರುತ್ತವೆ, ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ದಂತವೈದ್ಯರು ಬಳಸುವ ನಗೆ ಅನಿಲವೂ ಇದೇ. ಆದರೆ ವಾತಾವರಣದಲ್ಲಿ ಇದರ ಕೆಲಸ ನಗುವಂಥದಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿಯ ಪ್ರಕಾರ ನೂರು ವರ್ಷದ ಲೆಕ್ಕದಲ್ಲಿ ಒಂದು ಗ್ರಾಂ ನೈಟ್ರಸ್ ಆಕ್ಸೈಡ್ 273 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಮೊದಲ ಕೆಲವು ದಿನಗಳಲ್ಲೇ ಅದರ ಆಟ. ಪಿಎಚ್ 5ರ ಕೆಳಗಿಳಿದರೆ ಆ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಇನ್ನು 40 ಡಿಗ್ರಿ ದಾಟಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಸೊರಗುತ್ತವೆ, ಹುಳಿ ಅರ್ಧಕ್ಕೆ ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಗಿಡವನ್ನು ಬಿಸಿಯಲ್ಲಿ ಕಟ್ಟಿಟ್ಟರಂತೂ ಕ್ಲಾಸ್ಟ್ರಿಡಿಯಾ ಜಾತಿಯವು ಮೇಲೆದ್ದು, ಒಳ್ಳೆಯ ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಬಿಡುತ್ತವೆ. ಆಗಿನ ವಾಸನೆ ಕಮಟು ತುಪ್ಪದ್ದು. ಮಲೆನಾಡಿನ ಅಂಚಿನ ಊರುಗಳಲ್ಲಿ ಆಗಸ್ಟಿನಲ್ಲಿ ಕಟ್ಟಿದ ಚೀಲ ಕೆಡುವುದು ಹೆಚ್ಚಾಗಿ ಹೀಗೆ.

ನೈಟ್ರೇಟಿನ ವಿಷಯ ಬಂದಾಗ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಯೂರಿಯಾ ಜೋರಾಗಿ ಸುರಿದ, ನಡುವೆ ಮಳೆ ಕೈಕೊಟ್ಟು ಬಾಡಿದ ಮೆಕ್ಕೆಜೋಳದಲ್ಲಿ ನೈಟ್ರೇಟ್ ತುಂಬಿಕೊಂಡಿರುತ್ತದೆ. ಅದನ್ನು ಗುಂಡಿಗೆ ಹಾಕಿದ ಮೊದಲ ವಾರಗಳಲ್ಲಿ ಕಿತ್ತಳೆ-ಕಂದು ಬಣ್ಣದ, ಬ್ಲೀಚಿಂಗ್ ಪೌಡರಿನಂತೆ ಮೂಗಿಗೆ ಹೊಡೆಯುವ ನೈಟ್ರೋಜನ್ ಡೈಆಕ್ಸೈಡ್ ಬರಬಹುದು. ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ, ಶ್ವಾಸಕೋಶವನ್ನು ಸುಡುತ್ತದೆ. ಬಯಲುಸೀಮೆಯವರು ಜೋಳದ ಹಗೇವು ತೆಗೆದ ಕೂಡಲೇ ಇಳಿಯುತ್ತಿರಲಿಲ್ಲ, ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ಕಾಳಿನ ಉಸಿರೇ ಒಳಗಿನ ಆಮ್ಲಜನಕವನ್ನೆಲ್ಲ ತಿಂದಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಳವಾದ ಮೇವಿನ ಗುಂಡಿಗೂ ಅದೇ ಭಯ ಇರಲಿ. ಆದರೆ ದೀಪದ ಪರೀಕ್ಷೆ ಕಂದು ಅನಿಲವನ್ನು ಹಿಡಿಯುವುದಿಲ್ಲ. ಬಣ್ಣವೋ ವಾಸನೆಯೋ ಕಂಡರೆ ದೂರ ಸರಿಯುವುದೊಂದೇ ದಾರಿ.

ಅನಿಲದ ಎರಡನೇ ಅಧ್ಯಾಯ ಚೀಲ ಬಿಚ್ಚಿದ ದಿನ ತೆರೆಯುತ್ತದೆ, ನಮ್ಮ ಕಡೆ ಹೆಚ್ಚು ನಷ್ಟ ಆಗುವುದು ಅಲ್ಲೇ. ಇಷ್ಟು ದಿನ ಗಾಳಿಯಿಲ್ಲದೆ ಮಲಗಿದ್ದ ಯೀಸ್ಟ್‌ಗಳು ಎಚ್ಚರಾಗಿ ಮೊದಲು ತಿನ್ನುವುದು ಲ್ಯಾಕ್ಟಿಕ್ ಆಮ್ಲವನ್ನೇ. ಕಾವಲುಗಾರನೇ ಹೋದ ಮೇಲೆ ಬೂಷ್ಟಿಗೆ ಬಾಗಿಲು ತೆರೆದಂತೆ. ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ, ಒಳಗೆ ಸೇರಿದ್ದ ಮದ್ಯಸಾರದ ಆವಿಯೂ ಹಾರುತ್ತದೆ; ಸೆಖೆ, ಗಾಳಿ ಹೆಚ್ಚಿದಷ್ಟೂ ಹೆಚ್ಚು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ದೊಡ್ಡ ಡೇರಿಗಳಲ್ಲಿ ನೆಲಮಟ್ಟದ ಓಜೋನ್ ಹುಟ್ಟಿಸುವ ಆವಿಗಳನ್ನು ಹುಡುಕುತ್ತ ಹೋದ ವಿಜ್ಞಾನಿಗಳಿಗೆ ಸಗಣಿಗಿಂತ ತೆರೆದ ಮೇವಿನ ರಾಶಿಯ ಮೇಲೆಯೇ ಅನುಮಾನ ಬಲವಾಯಿತು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ತೆರೆದ ರಸಮೇವನ್ನೇ ಒಂದು ಉಸಿರಾಟದ ಪೆಟ್ಟಿಗೆಯಲ್ಲಿಟ್ಟು, ಅದು ಬಿಡುವ ಅನಿಲಗಳನ್ನೂ ಬಿಸಿಯನ್ನೂ ಜೊತೆಜೊತೆಗೆ ಅಳೆದಿದ್ದಾರೆ. ಮೇವಿಗೂ ಒಂದು ಉಸಿರಿದೆ ಎಂದು ಒಪ್ಪಿಕೊಂಡ ಮೇಲಷ್ಟೇ ಹೊಳೆಯುವ ಪ್ರಯೋಗ ಅದು.

ಮೀಥೇನ್ ಎಲ್ಲಿ ಎಂದು ಕೇಳುತ್ತೀರಿ. ಚೀಲದೊಳಗೆ ಅದು ತೀರಾ ಕಡಿಮೆ. ಮೀಥೇನ್ ಮಾಡುವ ಜೀವಿಗಳಿಗೆ ಕತ್ತಲೆ ಬೇಕು, ಬಿಸಿ ಬೇಕು, ಗಾಳಿ ಬೇಡ. ಆದರೆ ಹುಳಿ ಆಗದು. ಗೋಬರ್ ಗ್ಯಾಸ್ ಗುಂಡಿ ಹುಳಿಯಾದರೆ ಒಲೆ ಹತ್ತುವುದಿಲ್ಲ ಎಂದು ತೀರ್ಥಹಳ್ಳಿ, ಸಾಗರದ ಮನೆಗಳವರಿಗೆ ಗೊತ್ತು. ಮಳೆಗಾಲ, ಚಳಿಗಾಲದಲ್ಲಿ ಉರಿ ಮಂಕಾಗಿ ಬೇಸಗೆಯಲ್ಲಿ ಭುಗಿಲೆನ್ನುವುದೂ ಗೊತ್ತು. 35 ಡಿಗ್ರಿಯ ಸುತ್ತಮುತ್ತ ಆ ಜೀವಿಗಳಿಗೆ ಹಬ್ಬ. ಕೊಟ್ಟಿಗೆಯ ಹಿಂದಿನ ತೆರೆದ ಸಗಣಿ ನೀರಿನ ಹೊಂಡ ಏಪ್ರಿಲಿನಲ್ಲಿ ಇದೇ ಹಬ್ಬವನ್ನು ಯಾರಿಗೂ ಒಲೆಗೆ ದಕ್ಕದಂತೆ ಆಚರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಹುದುಗುವ ಪಾತ್ರೆ ಹಸುವಿನ ಹೊಟ್ಟೆಯೊಳಗಿದೆ. ನೂರು ಲೀಟರಿಗೂ ಮೀರಿದ ಮೊದಲ ಜಠರ, ಚಳಿಯಿರಲಿ ಸೆಖೆಯಿರಲಿ ಸದಾ 39 ಡಿಗ್ರಿ. ಅದರ ಉಷ್ಣತೆಯನ್ನು ಬದಲಿಸಲು ನಮ್ಮ ಕೈಯಲ್ಲಾಗದು. ಭಾರತದ ಹಸುವೊಂದು ದಿನಕ್ಕೆ ತೇಗುವ ಮೀಥೇನ್ ಸುಮಾರು 200 ಲೀಟರ್. ತೂಕದಲ್ಲಿ 140 ಗ್ರಾಂ ಇರಬಹುದು, ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ನಾಲ್ಕು ಕಿಲೊ. ಚೀಲ ಬಿಸಿಯಾದಾಗ ಬಂದ 155 ಗ್ರಾಂ ಇದರ ಮುಂದೆ ಏನೇನೂ ಅಲ್ಲ. ದೇಶದ ಕೃಷಿಯಿಂದ ಹೊರಬೀಳುವ ಹಸಿರುಮನೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ತೇಗಿನದೇ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಟ್ಯಾನಿನ್ ಇರುವ ಗಿಡಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರ ಮಾಡಿ, ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ಇಳಿಸಬಹುದೆಂದು ತೋರಿಸಿದೆ.

ಹಾಗಾದರೆ ಚೀಲದ ಬಿಸಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಚೀಲದಿಂದ ಬಂದ ಇಂಗಾಲದ ಡೈಆಕ್ಸೈಡ್ ಹೇಗೂ ಮೂರು ತಿಂಗಳ ಹಿಂದೆ ಆ ಗಿಡವೇ ಗಾಳಿಯಿಂದ ಹೀರಿದ್ದು, ಅದನ್ನು ವಾಪಸು ಕೊಟ್ಟಿದೆ. ಲೆಕ್ಕ ಬರೆಯುವವರು ಅದನ್ನು ಸೊನ್ನೆ ಎಂದೇ ಬರೆಯುತ್ತಾರೆ. ನನ್ನ ಮಟ್ಟಿಗೆ ಈ ಸೊನ್ನೆ ದಾರಿ ತಪ್ಪಿಸುವ ಸೊನ್ನೆ. ಹಾರಿಹೋದದ್ದು ಗಾಳಿಯಲ್ಲ, ಮೇವು. ಐವತ್ತು ಕಿಲೊ ಚೀಲದಲ್ಲಿ ನೀರು ಬಿಟ್ಟು ಉಳಿಯುವ ಒಣ ಸತ್ವ ಹದಿನಾರು ಹದಿನೇಳು ಕಿಲೊ. ಚೆನ್ನಾಗಿ ಕಟ್ಟಿ, ಬೇಗ ತಿನ್ನಿಸಿದರೆ ನೂರಕ್ಕೆ ಐದು-ಹತ್ತು ಪಾಲು ಹೋಗುತ್ತದೆ. ಕೆಟ್ಟದಾಗಿ ಕಟ್ಟಿದರೆ ಇಪ್ಪತ್ತು ಮೂವತ್ತು. ಅದೂ ಜೀರ್ಣವಾಗುವ ಸಕ್ಕರೆಯೇ ಮೊದಲು ಹೋಗುತ್ತದೆ, ನಾರು ಉಳಿಯುತ್ತದೆ. ಉಳಿದ ನಾರು ತಿಂದ ಹಸು ಮೀಥೇನ್ ತೇಗುವುದನ್ನು ಕಡಿಮೆ ಮಾಡುವುದಿಲ್ಲ, ಹಾಲು ಕೊಡುವುದನ್ನು ಕಡಿಮೆ ಮಾಡುತ್ತದೆ. ಲೀಟರ್ ಹಾಲಿನ ಮೇಲೆ ಬೀಳುವ ಮೀಥೇನ್ ಏರುತ್ತದೆ. ಹೋದ ಮೇವಿನ ಬದಲು ಇನ್ನಷ್ಟು ಮೆಕ್ಕೆಜೋಳ ಬೆಳೆಯಬೇಕು, ಅದಕ್ಕೆ ಯೂರಿಯಾ ಬೇಕು. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ ಎಂಬುದು ಜಗತ್ತಿನ ಲೆಕ್ಕಗಾರರು ಬಳಸುವ ಸೂತ್ರ. ಅದರಂತೆ 45 ಕಿಲೊದ ಒಂದು ಮೂಟೆ ಯೂರಿಯಾದಿಂದ ಹೊಲದಲ್ಲಿ ಹುಟ್ಟುವುದು 325 ಗ್ರಾಂ ನೈಟ್ರಸ್ ಆಕ್ಸೈಡ್, ಅಂದರೆ 89 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಕೊಟ್ಟಿಗೆಯಲ್ಲಿ ಸೊನ್ನೆ ಎಂದು ಬರೆದದ್ದು ಹೊಲದಲ್ಲಿ ಹೀಗೆ ಬಡ್ಡಿ ಸಮೇತ ಎದ್ದು ಬರುತ್ತದೆ.

ಎರಡು ಹಸುವಿನ ಮನೆಗೆ ದೊಡ್ಡ ಗುಂಡಿ ತೋಡಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡುವುದು ವಾಸಿ. ಸೆಖೆಯ ನಾಡಿನಲ್ಲಿ ತೆರೆದ ಮುಖದಿಂದ ದಿನಕ್ಕೆ ಒಂದಡಿಯಷ್ಟು ಆಳ ಮೇವು ತೆಗೆಯುತ್ತಿದ್ದರೆ ಮಾತ್ರ ಬಿಸಿ ಹಿಂದೆ ಬೀಳುತ್ತದೆ. ಎರಡು ಹಸು ಅಷ್ಟು ತಿನ್ನಲಾರವು. ಸಣ್ಣ ಚೀಲವೇ ಸರಿ, ಒಂದೂವರೆ ದಿನಕ್ಕೆ ಖಾಲಿಯಾಗುತ್ತದೆ. ಆಮೇಲೆ ಆ ಪ್ಲಾಸ್ಟಿಕ್ಕನ್ನು ಏನು ಮಾಡುವುದು ಎಂದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಎಷ್ಟೋ ಕಡೆ ಅದನ್ನು ಬಚ್ಚಲೊಲೆಗೆ ಹಾಕುವುದನ್ನು ನೋಡಿದ್ದೇನೆ.

ಮಾಚೇನಹಳ್ಳಿಯ ಮನೆಗೆ ಮತ್ತೆ ಹೋದದ್ದು ಜೂನ್ ಎರಡನೇ ವಾರ. ಮಳೆ ಹಿಡಿದಿತ್ತು. ಫೋನಿನಲ್ಲಿ ನಾನು ಹೇಳಿದ್ದು ನಾಲ್ಕೇ ಮಾತು: ಚೀಲ ತಗಡಿನ ಕೆಳಗಿಂದ ಎತ್ತಿ ಹಲಸಿನ ಮರದಡಿ ಇಡಿ, ಹೊಸದನ್ನು ಬೆಳಗಿನ ತಂಪಿನಲ್ಲಿ ಕೊಯ್ದು ಅವತ್ತೇ ತುಳಿದು ಕಟ್ಟಿ, ಒಂದು ಖಾಲಿಯಾಗದೆ ಇನ್ನೊಂದು ಬಿಚ್ಚಬೇಡಿ, ತೆಗೆದ ಮೇಲೆ ಗಾಳಿ ಹಿಸುಕಿ ಬಾಯಿ ಬಿಗಿಯಾಗಿ ಕಟ್ಟಿ. ಆಕೆ ಅಷ್ಟನ್ನೂ ಮಾಡಿದ್ದರು, ಮೇಲೊಂದು ತಮ್ಮದೂ ಸೇರಿಸಿದ್ದರು: ಪ್ರತಿ ಚೀಲದ ಮೇಲೂ ಕಟ್ಟಿದ ತಾರೀಕು ಇದ್ದಿಲಿನಲ್ಲಿ ಬರೆದಿತ್ತು.

ಹಿಂದಿನ ಸಂಜೆ ಬಿಚ್ಚಿದ ಚೀಲದ ಹುರಿ ಬಿಚ್ಚಿದರು. ಮೊಸರಿನ, ಮಾಗಿದ ಅನಾನಸಿನ ವಾಸನೆ ಬಂತು. ಥರ್ಮಾಮೀಟರ್ ಈ ಸಲ ಆಕೆಯೇ ಒತ್ತಿ ಹಿಡಿದರು. ಹಸು ಕತ್ತು ಚಾಚಿ ಚೀಲದ ಕಡೆಗೇ ನೋಡುತ್ತಿತ್ತು. ಕೀಕ್ ಅಂದಾಗ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಅಂಕಿ ಇರಲಿಲ್ಲ, 'ಲೋ' ಅಂತಿತ್ತು.

"ಜ್ವರ ಇಲ್ಲ ಬಿಡಿ ಇದಕ್ಕೆ" ಅಂದು, ಬುಟ್ಟಿಗೆ ಮೇವು ಬಾಚತೊಡಗಿದರು.